ಸ್ಕ್ಯಾನರ್ ಹಚ್ಚೋ ಮೊದಲ ಟ್ಯಾಪಿಟ್ ನೋಡ್ರಿ

ಸೋಲಾಪುರದ ಕಡೆಯಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65ನ್ನು ಹಳಬರು ಇನ್ನೂ ಹಳೆಯ ಸಂಖ್ಯೆ 9 ಹಿಡಿದು ‘ನೌ ನಂಬರ್ ರೋಡ್’ ಅನ್ನುತ್ತಾರೆ. ಬಸವಕಲ್ಯಾಣಕ್ಕೆ ಲಾರಿಯ ವ್ಯಾಪಾರ ಬಂದದ್ದು ಈ ರಸ್ತೆಯಿಂದ. ಸಸ್ತಾಪುರ ಬಂಗ್ಲಾದ ಆಸುಪಾಸಿನಲ್ಲಿ ಹಳೆ ಲಾರಿ ಕೊಳ್ಳುವವರು, ಮಾರುವವರು, ಬಾಡಿ ಕಟ್ಟುವವರು, ಗಾಡಿ ಬಿಚ್ಚಿ ಬಿಡಿಭಾಗ ಮಾರುವವರು ಎಲ್ಲರೂ ಸಿಗುತ್ತಾರೆ. ಹೀಗಾಗಿ ಈ ಸೀಮೆಯ ಮಿಸ್ತ್ರಿಗಳ ಕೈ ಡೀಸೆಲ್ ಎಂಜಿನಿನಲ್ಲಿ ಪಳಗಿದ ಕೈ. ಹಳೆ ಟಾಟಾ ಲಾರಿ ಕರಿಹೊಗೆ ಉಗುಳುತ್ತ ಬಂದರೆ ಬಲ್ಲ ಮಿಸ್ತ್ರಿ ಮೊದಲು ಪಂಪಿಗೆ ಕೈ ಹಾಕುವುದಿಲ್ಲ. ಏರ್ ಫಿಲ್ಟರ್ ತೆಗೆದು ನೋಡುತ್ತಾನೆ, ಡೀಸೆಲ್ ಲೈನಿನಲ್ಲಿ ಗಾಳಿ ಹೊಕ್ಕಿದೆಯೇ ನೋಡುತ್ತಾನೆ, ಎಂಜಿನ್ ತಣ್ಣಗಾದ ಮೇಲೆ ಟ್ಯಾಪಿಟ್, ಅಂದರೆ ವಾಲ್ವಿನ ಸಂದು, ಸೆಟ್ ಮಾಡುತ್ತಾನೆ, ನಾಜಲ್ ಬಿಚ್ಚಿ ಒತ್ತಡ ಪರೀಕ್ಷಿಸುತ್ತಾನೆ, ಪಂಪಿನ ಟೈಮಿಂಗ್ ಗುರುತು ಕೂಡಿದೆಯೇ ನೋಡುತ್ತಾನೆ. ಇಷ್ಟೆಲ್ಲ ಆದ ಮೇಲೂ ಹೊಗೆ ನಿಲ್ಲದಿದ್ದರೆ ಮಾತ್ರ ಪಂಪ್ ಕಳಚಿ ಕ್ಯಾಲಿಬ್ರೇಷನ್ ಅಂಗಡಿಗೆ ಕಳಿಸುತ್ತಾನೆ.

ಈ ಕ್ರಮಕ್ಕೆ ಕಾರಣವಿದೆ. ಸಾಲು ಪಂಪು, ಅಂದರೆ ಬಾಷ್ ಕಂಪನಿ 1927ರಲ್ಲಿ ಕಾರ್ಖಾನೆಯಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸಲು ತೊಡಗಿದ, ನಮ್ಮಲ್ಲಿ 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ ಮನೆಮಾತಾಗಿಸಿದ ಆ ಪಂಪು, ಒಂದು ಅಳತೆಯ ಯಂತ್ರ. ರ‍್ಯಾಕ್ ಎಂಬ ಒಳಸರಳು ಎಲ್ಲಿದೆಯೋ ಅದಕ್ಕೆ ತಕ್ಕಷ್ಟು ಡೀಸೆಲನ್ನು ಅದು ತಳ್ಳುತ್ತದೆ. ಸಿಲಿಂಡರಿಗೆ ಗಾಳಿ ಸಾಲುತ್ತಿದೆಯೋ ಇಲ್ಲವೋ, ವಾಲ್ವ್ ಸರಿಯಾಗಿ ಕೂರುತ್ತಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಗಾಳಿ ಕಡಿಮೆಯಾಗಿ ಹೊಗೆ ಬಂದಾಗ ಪಂಪಿನ ಅಳತೆ ಇಳಿಸಿದರೆ ಹೊಗೆ ಹೋಗುತ್ತದೆ, ಜೊತೆಗೆ ಗಾಡಿಯ ದಮ್ಮೂ ಹೋಗುತ್ತದೆ. ಕಬ್ಬು ತುಂಬಿಕೊಂಡು ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರ್ ಮೊದಲ ಏರಿನಲ್ಲೇ ಅದನ್ನು ತೋರಿಸಿಕೊಡುತ್ತದೆ.

ಡೀಸೆಲಿನಲ್ಲಿ ಇಷ್ಟು ಶಿಸ್ತಿರುವ ಇದೇ ಸೀಮೆಯಲ್ಲಿ ಹಳೆ ಪೆಟ್ರೋಲ್ ಕಾರು ಬಂದಾಗ ಮಾತ್ರ ಕ್ರಮ ತಲೆಕೆಳಗಾಗುತ್ತದೆ. “ಗಾಡಿ ಪಿಕಪ್ ಕಮ್ಮಿ ಆಗ್ಯದ, ಜರಾ ಟ್ಯೂನಿಂಗ್ ಮಾಡಿ ಕೊಡ್ರಿ” ಎಂದರೆ ಮೊದಲು ಹೊರಬರುವುದು ಸ್ಕ್ಯಾನರ್. ಅದು ತೋರಿಸಿದ ಸೆನ್ಸರ್ ಬದಲಾಗುತ್ತದೆ. ಗಾಡಿ ಹಾಗೆಯೇ ಇದ್ದರೆ ಇನ್ನೊಂದು ಸೆನ್ಸರ್. ಕಂಪ್ಯೂಟರ್ ಇರುವ ಎಂಜಿನ್ ಎಂದ ಮೇಲೆ ದೋಷವೂ ಕಂಪ್ಯೂಟರಿನಲ್ಲೇ ಇರಬೇಕು ಎಂಬ ನಂಬಿಕೆ ಮಾಲೀಕನದೂ ಹೌದು, ಹೊಸ ಹುಡುಗರದೂ ಹೌದು.

ನಾನು ಹೇಳುತ್ತಿರುವುದು ಮೊದಲ ಪೀಳಿಗೆಯ ಎಂಪಿಎಫ್‌ಐ, ಅಂದರೆ ಪ್ರತಿ ಸಿಲಿಂಡರಿಗೂ ಒಂದು ಇಂಜೆಕ್ಟರ್ ಇರುವ, ಗಾಡಿಗಳ ಮಾತು. ಹುಂಡೈ ಸ್ಯಾಂಟ್ರೊ 1998ರಲ್ಲಿ ಎಂಪಿಎಫ್‌ಐ ಹೊತ್ತೇ ಬಂತು. 2000ದ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಹೊಗೆಯ ಹೊಸ ಕಟ್ಟಳೆ ಬಂದ ಹೊತ್ತಿಗೆ ಮಾರುತಿಯೂ ಕಾರ್ಬ್ಯುರೇಟರ್ ಬಿಟ್ಟು ಇಂಜೆಕ್ಟರಿನತ್ತ ಸರಿಯಿತು. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ತಯಾರಿಕೆ ನಿಂತರೂ ಓಡಾಟ ನಿಂತಿಲ್ಲ. ಹೈದರಾಬಾದ್, ಪುಣೆ, ಬೆಂಗಳೂರಿನಲ್ಲಿ ಹೊಸದಾಗಿ ಓಡಿ ಬೇಸತ್ತ ಕಾರು ಎರಡನೇ ಮೂರನೇ ಕೈಗೆ ನಮ್ಮ ಕಡೆ ಬರುತ್ತದೆ. ಇಲ್ಲಿನ ಗೋರ್ಟಾ (ಬಿ)ಯಂಥ ಊರಿನಲ್ಲಿ ಅದಕ್ಕೆ ಹೊಲದ ದಾರಿಯೂ ಹೊಸದಲ್ಲ, ಆಸ್ಪತ್ರೆಯ ದಾರಿಯೂ ಹೊಸದಲ್ಲ. ಇಂಥ ಗಾಡಿಗೆ ಟ್ಯೂನಿಂಗ್ ಎಂದರೇನು ಎಂಬುದನ್ನು ತಿಳಿಯಬೇಕಾದರೆ ಅದರ ಕಂಪ್ಯೂಟರ್ ಪೆಟ್ರೋಲನ್ನು ಹೇಗೆ ಲೆಕ್ಕ ಹಾಕುತ್ತದೆ ಎಂಬುದನ್ನು ತುಸು ನೋಡಬೇಕು.

ಎಂಜಿನಿನೊಳಗೆ ಎಷ್ಟು ಗಾಳಿ ಹೋಯಿತು ಎಂದು ತಿಳಿದರೆ ಎಷ್ಟು ಪೆಟ್ರೋಲ್ ಬಿಡಬೇಕು ಎಂಬುದು ಸುಲಭದ ಗುಣಾಕಾರ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ. ಕಷ್ಟವಿರುವುದು ಗಾಳಿಯನ್ನು ಅಳೆಯುವುದರಲ್ಲಿ. ಕೆಲವು ಗಾಡಿಗಳು ಒಳಬರುವ ಗಾಳಿಯನ್ನು ನೇರವಾಗಿ ಅಳೆಯುತ್ತವೆ. ನಮ್ಮ ಅಗ್ಗದ ಕಾರುಗಳಲ್ಲಿ ಹೆಚ್ಚಿನವು ಹಾಗೆ ಮಾಡುವುದಿಲ್ಲ. ಮ್ಯಾನಿಫೋಲ್ಡಿನಲ್ಲಿ ಒತ್ತಡ ಎಷ್ಟಿದೆ, ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ, ಗಾಳಿಯ ಬಿಸಿ ಎಷ್ಟು ಎಂಬ ಮೂರರಿಂದ ಗಾಳಿಯನ್ನು ಅಂದಾಜು ಮಾಡುತ್ತವೆ. ಬಾಷ್ 1967ರಲ್ಲಿ ಫೋಕ್ಸ್‌ವ್ಯಾಗನ್ 1600ಕ್ಕೆ ಕೂರಿಸಿದ ಡಿ-ಜೆಟ್ರಾನಿಕ್ ಕೂಡ ಮ್ಯಾನಿಫೋಲ್ಡಿನ ಒತ್ತಡವನ್ನೇ ನಂಬಿತ್ತು. ಒತ್ತಡ ಹೇಳುವ ಆ ಪುಟ್ಟ ಡಬ್ಬಿಯನ್ನು ಗ್ಯಾರೇಜಿನಲ್ಲಿ ಮ್ಯಾಪ್ ಸೆನ್ಸರ್ ಅನ್ನುತ್ತಾರೆ.

ಈ ಅಂದಾಜಿನ ಹಿಂದೆ ಒಂದು ನಂಬಿಕೆ ಇದೆ: ಎಂಜಿನ್ ಕಾರ್ಖಾನೆಯಿಂದ ಬಂದ ದಿನ ಹೇಗೆ ಉಸಿರಾಡುತ್ತಿತ್ತೋ ಇಂದಿಗೂ ಹಾಗೆಯೇ ಉಸಿರಾಡುತ್ತಿದೆ ಎಂಬ ನಂಬಿಕೆ. ಹೊಲಕ್ಕೆ ಕಾಲಿಡದ ತಹಶೀಲ್ದಾರರು ತಲಾಟಿಯ ಕಾಗದ ನೋಡಿ ಬೆಳೆ ಪರಿಹಾರ ಬರೆದ ಹಾಗೆ, ಕಂಪ್ಯೂಟರ್ ಸೆನ್ಸರಿನ ಮಾತು ಕೇಳಿ ಪೆಟ್ರೋಲ್ ಬರೆಯುತ್ತದೆ. ಕಾಗದ ಸುಳ್ಳಲ್ಲದಿದ್ದರೂ ಹೊಲದ ಸ್ಥಿತಿ ಬೇರೆಯೇ ಇರಬಹುದು. ಒಂದು ವಾಲ್ವ್ ಬಿಗಿಯಾಗಿ ಪೂರ್ತಿ ಮುಚ್ಚುತ್ತಿಲ್ಲ ಎನ್ನೋಣ. ಆ ಸಿಲಿಂಡರ್ ಸರಿಯಾಗಿ ಎಳೆಯುವುದಿಲ್ಲ, ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಕಡಿಮೆಯಾಗುತ್ತದೆ, ಒತ್ತಡ ಏರುತ್ತದೆ. ಮ್ಯಾಪ್ ಸೆನ್ಸರ್ ಅದನ್ನು ನಿಜವಾಗಿಯೇ ವರದಿ ಮಾಡುತ್ತದೆ. ಕಂಪ್ಯೂಟರಿಗೆ ಮಾತ್ರ ಅದು ‘ಗಾಡಿಯ ಮೇಲೆ ಭಾರ ಬಿದ್ದಿದೆ’ ಎಂದು ಕೇಳಿಸುತ್ತದೆ. ಪೆಟ್ರೋಲ್ ಹೆಚ್ಚಿಸುತ್ತದೆ. ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಇಳಿಯುತ್ತದೆ. ಇಲ್ಲಿ ಯಾವ ಸೆನ್ಸರೂ ಕೆಟ್ಟಿಲ್ಲ. ಸ್ಕ್ಯಾನರ್ ಹಚ್ಚಿದರೆ ದೋಷ ಸಂಖ್ಯೆಯೇ ಬರದಿರಬಹುದು, ಬಂದರೂ ತಪ್ಪು ದಾರಿಗೆ ಎಳೆಯಬಹುದು.

ಸೈಲೆನ್ಸರಿನ ಕಡೆಯ ಆಕ್ಸಿಜನ್ ಸೆನ್ಸರ್ ಇನ್ನೂ ಬೇಗ ಮೋಸಹೋಗುತ್ತದೆ. ಒಂದು ಪ್ಲಗ್ ಕಿಡಿ ಕೊಡದೆ ಮಿಸ್ಸಾದರೆ ಆ ಸಿಲಿಂಡರಿನ ಗಾಳಿ ಉರಿಯದೆ ಹೊರಗೆ ಬರುತ್ತದೆ. ಸೆನ್ಸರಿಗೆ ಕಾಣುವುದು ಉಳಿದ ಆಕ್ಸಿಜನ್ ಮಾತ್ರ, ಉರಿಯದ ಪೆಟ್ರೋಲ್ ಅಲ್ಲ. ‘ಪೆಟ್ರೋಲ್ ಸಾಲದು’ ಎಂದು ಅದು ಹೇಳುತ್ತದೆ, ಕಂಪ್ಯೂಟರ್ ಎಲ್ಲ ಸಿಲಿಂಡರಿಗೂ ಹೆಚ್ಚು ಬಿಡುತ್ತದೆ. ಸೆನ್ಸರಿಗಿಂತ ಮೊದಲೇ ಎಕ್ಸಾಸ್ಟ್ ಪೈಪಿನಲ್ಲಿ ಬಿರುಕಿದ್ದು ಹೊರಗಿನ ಗಾಳಿ ಒಳಗೆ ಹೀರಿದರೂ ಇದೇ ಕತೆ. ಮೂರು ಸಿಲಿಂಡರಿನ ಪುಟ್ಟ ಗಾಡಿಯಲ್ಲಿ ಒಂದು ಮಿಸ್ಸಾದರೆ ಮೂರನೇ ಒಂದು ಪಾಲು ಬಲವೇ ಹೋಯಿತು, ಅದರ ಮೇಲೆ ಉಳಿದ ಎರಡಕ್ಕೂ ಬೇಡದ ಪೆಟ್ರೋಲ್.

ಆದ್ದರಿಂದ ಟ್ಯಾಪಿಟ್ ಮೊದಲು. ಹಳೆ ಎಂಜಿನಿನಲ್ಲಿ ವಾಲ್ವ್ ತನ್ನ ಸೀಟಿನೊಳಕ್ಕೆ ಸ್ವಲ್ಪ ಸ್ವಲ್ಪವೇ ಸವೆದು ಕೂರುತ್ತದೆ. ಹಾಗೆ ಕೂತಷ್ಟೂ ರಾಕರಿಗೂ ವಾಲ್ವಿನ ತುದಿಗೂ ನಡುವಿನ ಸಂದು ಕಡಿಮೆಯಾಗುತ್ತದೆ. ಸಂದು ದೊಡ್ಡದಾದರೆ ಟಕಟಕ ಸದ್ದು ಬರುತ್ತದೆ, ಮಾಲೀಕ ಓಡಿ ಬರುತ್ತಾನೆ. ಸಂದು ಇಲ್ಲವಾದರೆ ಎಂಜಿನ್ ಇನ್ನೂ ಮೆತ್ತಗೆ ಓಡುತ್ತದೆ, ಮಾಲೀಕ ಹಿಗ್ಗುತ್ತಾನೆ. ಆದರೆ ಆ ವಾಲ್ವ್ ಬಿಸಿಯಲ್ಲಿ ಹಿಗ್ಗಿ ಸೀಟು ಬಿಟ್ಟು ತುಸು ತೆರೆದೇ ನಿಂತಿರುತ್ತದೆ. ವಾಲ್ವ್ ತನ್ನ ಬಿಸಿಯನ್ನು ಹೆಚ್ಚಾಗಿ ಬಿಟ್ಟುಕೊಡುವುದು ಸೀಟಿಗೆ ಒತ್ತಿ ಕೂತಾಗ. ಕೂರಲು ಬಿಡದಿದ್ದರೆ ಎಕ್ಸಾಸ್ಟ್ ವಾಲ್ವಿನ ಅಂಚು ಸುಡುತ್ತದೆ, ಆಮೇಲೆ ಹೆಡ್ ಇಳಿಸುವ ಖರ್ಚು. ಎಲ್‌ಪಿಜಿ ಕಿಟ್ ಹಾಕಿದ ಓಮ್ನಿಗಳಲ್ಲಿ ಈ ಸವೆತ ಇನ್ನೂ ಬೇಗ. ಪೆಟ್ರೋಲಿನ ಒದ್ದೆ ವಾಲ್ವಿಗೆ ಕೊಡುವ ಅಷ್ಟಿಷ್ಟು ತಂಪೂ ಗ್ಯಾಸಿನಲ್ಲಿ ಇಲ್ಲ. ಅಂಥ ಗಾಡಿಗೆ ಕಂಪನಿ ಹೇಳಿದ ಅವಧಿಗಿಂತ ಮೊದಲೇ ಟ್ಯಾಪಿಟ್ ನೋಡಿಸುವುದು ಒಳ್ಳೆಯದು.

ಸಣ್ಣ ಪೆಟ್ರೋಲ್ ಎಂಜಿನಿನಲ್ಲಿ ಈ ಸಂದು ಸಾಮಾನ್ಯವಾಗಿ 0.1ರಿಂದ 0.3 ಮಿಲಿಮೀಟರಿನ ಒಳಗೆ. ತಣ್ಣಗಿದ್ದಾಗ ಒಂದು ಅಳತೆ, ಬಿಸಿಯಿದ್ದಾಗ ಇನ್ನೊಂದು, ಇನ್‌ಲೆಟ್ಟಿಗೂ ಎಕ್ಸಾಸ್ಟಿಗೂ ಬೇರೆ ಇರಬಹುದು. ಆಯಾ ಎಂಜಿನಿನ ಕೈಪಿಡಿಯ ಅಂಕಿಯೇ ಪ್ರಮಾಣ. “ಅಂದಾಜಿಗಿ ಬಿಡ್ರಿ, ಕೈಗೇ ಗೊತ್ತಾಗ್ತದ” ಎನ್ನುವ ಉಸ್ತಾದರ ಕೈಯಲ್ಲೂ ಫೀಲರ್ ಗೇಜ್ ಇರಲಿ ಎಂಬುದು ನನ್ನ ಹಟ. ರಾತ್ರಿ ಗಾಡಿ ನಿಲ್ಲಿಸಿ, ಬೆಳಿಗ್ಗೆ ಚಾಲೂ ಮಾಡುವ ಮೊದಲು ಅಳೆದರೆ ಅಳತೆ ನಂಬುವಂತಿರುತ್ತದೆ. ಗಾಡಿಯನ್ನು ಓಡಿಸಿಕೊಂಡು ಬಂದು ‘ಹತ್ತು ನಿಮಿಷದಲ್ಲಿ ಮಾಡಿಕೊಡ್ರಿ’ ಎಂದು ಕೂರುವ ಮಾಲೀಕನಿಗೆ ಆ ಅಳತೆ ಸಿಗುವುದಿಲ್ಲ. ಹೈಡ್ರಾಲಿಕ್ ಟ್ಯಾಪಿಟ್ ಇರುವ ಎಂಜಿನಿಗೆ ಈ ಕೆಲಸವೇ ಇಲ್ಲ, ಅಲ್ಲಿ ಆಯಿಲ್ ಸರಿಯಿದ್ದರೆ ಸಾಕು.

ಟ್ಯಾಪಿಟ್ ಕೂಡಿಸಿದ ಮೇಲೆ ಕಂಪ್ರೆಷನ್. ಇಗ್ನಿಷನ್ನೂ ಇಂಜೆಕ್ಟರೂ ಕೆಲಸ ಮಾಡದಂತೆ ಕನೆಕ್ಟರ್ ತೆಗೆದು, ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಒಳ್ಳೆಯ ಸಣ್ಣ ಎಂಜಿನಿನಲ್ಲಿ ಗೇಜು ಚದರ ಸೆಂಟಿಮೀಟರಿಗೆ 12ರಿಂದ 14 ಕಿಲೋದ ಆಸುಪಾಸು ತೋರಿಸುತ್ತದೆ. ಅಂಕಿಗಿಂತ ಮುಖ್ಯವಾದದ್ದು ಸಿಲಿಂಡರುಗಳ ನಡುವಿನ ಅಂತರ. ಅದು ಒಂದು ಕಿಲೋದೊಳಗೆ ಇದ್ದರೆ ಮುಂದೆ ಹೋಗಬಹುದು. ಒಂದು ಮಾತ್ರ ತೀರ ಬಿದ್ದಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಬೇಕು. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಇಲ್ಲವೇ ಗ್ಯಾಸ್ಕೆಟ್. ಈ ಹಂತದಲ್ಲಿ ಎಂಜಿನ್ ಸೋತಿದೆ ಎಂದು ತಿಳಿದರೆ ಟ್ಯೂನಿಂಗಿನ ಮಾತನ್ನು ಅಲ್ಲಿಗೇ ನಿಲ್ಲಿಸುವುದು ಪ್ರಾಮಾಣಿಕತನ. ಸೆನ್ಸರ್ ಮಾರುವವರಿಗೆ ಇದು ರುಚಿಸುವುದಿಲ್ಲ.

ನಮ್ಮ ಗ್ಯಾರೇಜುಗಳಲ್ಲಿ ಅಪರೂಪವಾಗಿ ಕಾಣುವ, ಆದರೆ ದುಬಾರಿಯೇನಲ್ಲದ ಒಂದು ಸಾಧನವೆಂದರೆ ವ್ಯಾಕ್ಯೂಮ್ ಗೇಜ್. ಮ್ಯಾನಿಫೋಲ್ಡಿನ ಒಂದು ಹೋಸಿಗೆ ಅದನ್ನು ಸಿಕ್ಕಿಸಿದರೆ ಎಂಜಿನಿನ ಉಸಿರು ಕಣ್ಣಿಗೆ ಕಾಣುತ್ತದೆ. ಮುಳ್ಳು ಒಂದೇ ಕಡೆ ಸ್ಥಿರವಾಗಿ ನಿಂತರೆ ಒಳ್ಳೆಯದು. ತಾಳ ತಪ್ಪದೆ ಮತ್ತೆ ಮತ್ತೆ ಕೆಳಗೆ ಜಿಗಿದರೆ ಯಾವುದೋ ಒಂದು ವಾಲ್ವ್ ಕೂರುತ್ತಿಲ್ಲ. ಸ್ಥಿರವಾಗಿದ್ದೂ ಕೆಳಗಿದ್ದರೆ ಟೈಮಿಂಗ್ ಹಿಂದೆ ಬಿದ್ದಿದೆ, ಅಥವಾ ಟೈಮಿಂಗ್ ಬೆಲ್ಟ್ ಒಂದು ಹಲ್ಲು ತಪ್ಪಿ ಕೂತಿದೆ. ಪುಸ್ತಕಗಳಲ್ಲಿ ಐಡಲಿಂಗಿಗೆ 17ರಿಂದ 21 ಇಂಚು ಪಾದರಸ ಇರಬೇಕು ಎಂದು ಬರೆದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಸುಮಾರು 300 ಮೀಟರ್ ಮೇಲೇರಿದರೆ ಗೇಜು ಒಂದು ಇಂಚು ಕಡಿಮೆ ತೋರಿಸುತ್ತದೆ. ಬಸವಕಲ್ಯಾಣ, ಹುಮನಾಬಾದ್ ಎರಡೂ 600 ಮೀಟರಿಗೂ ಮೇಲಿರುವ ಊರುಗಳು. ಮುಂಬಯಿಯಲ್ಲಿ 19 ತೋರಿಸುವ ಎಂಜಿನ್ ಇಲ್ಲಿ 17 ತೋರಿಸಿದರೆ ಅದಕ್ಕೆ ಕಾಯಿಲೆ ಇಲ್ಲ. ಮ್ಯಾಪ್ ಸೆನ್ಸರಿಗೆ ಈ ಗೊಂದಲವಿಲ್ಲ, ಅದು ಅಳೆಯುವುದೇ ನಿಜವಾದ ಒತ್ತಡವನ್ನು. ನಮ್ಮ ಎತ್ತರವನ್ನು ಲೆಕ್ಕಕ್ಕೆ ಹಿಡಿಯಬೇಕಾದವನು ಮಿಸ್ತ್ರಿ.

ಗಾಳಿಯ ಸೋರಿಕೆ ಎರಡು ಬಗೆಯ ಗಾಡಿಗಳಲ್ಲಿ ಎರಡು ರೀತಿ ಕಾಡುತ್ತದೆ. ಗಾಳಿಯನ್ನು ನೇರ ಅಳೆಯುವ ಗಾಡಿಯಲ್ಲಿ ಸೀಳಿದ ಹೋಸಿನಿಂದ ನುಗ್ಗಿದ ಗಾಳಿ ಲೆಕ್ಕಕ್ಕೇ ಸಿಗುವುದಿಲ್ಲ. ಪೆಟ್ರೋಲ್ ಸಾಲದೆ ಎಂಜಿನ್ ನಡುಗುತ್ತದೆ. ಮ್ಯಾಪ್ ಸೆನ್ಸರಿನ ಗಾಡಿಯಲ್ಲಿ ಆ ಗಾಳಿಯೂ ಒತ್ತಡವಾಗಿ ಕಾಣಿಸಿಕೊಳ್ಳುವುದರಿಂದ ಅದಕ್ಕೂ ಪೆಟ್ರೋಲ್ ಸಿಗುತ್ತದೆ, ಐಡಲಿಂಗ್ ಏರುತ್ತದೆ. ಏರಿದ್ದನ್ನು ತಗ್ಗಿಸಲು ಕಂಪ್ಯೂಟರ್ ಐಡಲಿಂಗಿಗೆ ಗಾಳಿ ಬಿಡುವ ತನ್ನ ಗಾಳಿಕಿಂಡಿ ಮುಚ್ಚುತ್ತ ಹೋಗುತ್ತದೆ, ಮುಚ್ಚಲು ಇನ್ನೇನೂ ಉಳಿಯದಾದಾಗ ಪೆಟ್ರೋಲನ್ನೇ ಕಡಿಯುತ್ತದೆ. ಆಗ ಎಂಜಿನ್ ಏರುತ್ತ ಇಳಿಯುತ್ತ ‘ಹಂಟಿಂಗ್’ ಮಾಡುತ್ತದೆ. ನಮ್ಮ ಬೇಸಿಗೆಯ 40 ಡಿಗ್ರಿ ಬಿಸಿಲು ಬಾನೆಟ್ಟಿನ ಕೆಳಗಿನ ರಬ್ಬರನ್ನು ಬೇಗ ಒಡೆಯಿಸುತ್ತದೆ. ಎಲ್‌ಪಿಜಿ ಗಾಡಿಯಲ್ಲಿ ಒಮ್ಮೆ ಬ್ಯಾಕ್‌ಫೈರ್ ಆದರೆ ಏರ್ ಫಿಲ್ಟರಿನ ಡಬ್ಬಿಯೂ ಹೋಸೂ ಸೀಳಬಹುದು. ಸೋರಿಕೆ ಹುಡುಕಲು ಊದುಬತ್ತಿ ಹಿಡಿಯುವವರನ್ನು ಕಂಡಿದ್ದೇನೆ. ಪೆಟ್ರೋಲಿನ ಬಳಿ ಕಿಡಿ ಒಯ್ಯುವುದು ಜಾಣತನವಲ್ಲ. ಸೋಪಿನ ನೀರು ಚಿಮುಕಿಸಿದರೆ ಸಾಕು, ಸೋರುವ ಜಾಗ ನೆನೆದಾಗ ಎಂಜಿನಿನ ಸದ್ದು ಬದಲಾಗುತ್ತದೆ.

ಇನ್ನು ಥ್ರಾಟಲ್ ಬಾಡಿ. ಅಲ್ಲಿ ಒಂದು ಪುಟ್ಟ ಸ್ಕ್ರೂ ಇದೆ, ಥ್ರಾಟಲ್ ಎಲ್ಲಿ ನಿಲ್ಲಬೇಕು ಎಂದು ಹೇಳುವುದು. ಕಾರ್ಖಾನೆಯವರು ಕೂರಿಸಿ ಬಣ್ಣದ ಗುರುತು ಹಾಕಿರುತ್ತಾರೆ. ಕಾರ್ಬ್ಯುರೇಟರ್ ಕಾಲದ ಕೈಗೆ ಅದನ್ನು ಕಂಡರೆ ತುರಿಕೆ. ಐಡಲಿಂಗ್ ಕಡಿಮೆ ಅನಿಸಿದ ಕೂಡಲೇ ಅರ್ಧ ಸುತ್ತು ತಿರುಗಿಸುತ್ತಾರೆ. ಐಡಲಿಂಗ್ ಏರುತ್ತದೆ, ಗಿರಾಕಿ ಖುಷಿ. ಆದರೆ ಮುಚ್ಚಿದ ಥ್ರಾಟಲಿಗೆ ಸುಮಾರು ಅರ್ಧ ವೋಲ್ಟ್ ತೋರಿಸಬೇಕಾದ ಥ್ರಾಟಲ್ ಸೆನ್ಸರ್ ಈಗ ಹೆಚ್ಚು ತೋರಿಸುತ್ತದೆ. ಚಾಲಕ ಕಾಲು ತೆಗೆದಿದ್ದಾನೆ ಎಂಬುದೇ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಇಳಿಜಾರಿನಲ್ಲಿ ಗೇರಿನಲ್ಲಿ ಇಳಿಯುವಾಗ ಪೆಟ್ರೋಲ್ ಪೂರ್ತಿ ನಿಲ್ಲಿಸುವ ಒಳ್ಳೆಯ ಗುಣವೂ ಅದರೊಂದಿಗೆ ಹೋಯಿತು. ಹೆಚ್ಚಿನ ಸಲ ಬೇಕಾದದ್ದು ಸ್ಕ್ರೂ ಅಲ್ಲ, ಸ್ವಚ್ಛತೆ: ಥ್ರಾಟಲಿನ ಅಂಚಿಗೂ ಗಾಳಿಕಿಂಡಿಗೂ ಕಟ್ಟಿದ ಮಸಿ ತೆಗೆಯುವುದು, ಆಕ್ಸಿಲರೇಟರ್ ಕೇಬಲಿಗೆ ತುಸು ಸಡಿಲ ಕೊಡುವುದು. ಕೇಬಲ್ ಬಿಗಿಯಾಗಿ ಥ್ರಾಟಲ್ ಕೂದಲೆಳೆಯಷ್ಟು ತೆರೆದಿದ್ದರೂ ಫಲ ಅದೇ.

ಎಂಜಿನ್ ಕಾಯುವವರೆಗೆ ನೀರನ್ನು ತಡೆದು ಹಿಡಿಯುವ ಥರ್ಮೋಸ್ಟಾಟಿನ ಮೇಲೆ ನನಗೆ ವಿಶೇಷ ಸಿಟ್ಟಿದೆ, ಅಂದರೆ ಅದನ್ನು ಕಿತ್ತೆಸೆಯುವವರ ಮೇಲೆ. “ನಮ್ಮ ಕಡಿ ಬಿಸಿಲಿಗಿ ಅದು ಯಾಕ ಬೇಕ್ರಿ” ಎಂದು ತೆಗೆದುಬಿಡುತ್ತಾರೆ. ಬೀದರ್ ಜಿಲ್ಲೆ ಬಿಸಿಲಿನದಷ್ಟೇ ಅಲ್ಲ, ಚಳಿಗಾಲದಲ್ಲಿ ರಾಜ್ಯದಲ್ಲೇ ಅತಿ ತಣ್ಣನೆಯ ರಾತ್ರಿಗಳನ್ನು ಕಾಣುವ ಜಿಲ್ಲೆಗಳಲ್ಲೊಂದು. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಡಿಸೆಂಬರಿನ ಬೆಳಿಗ್ಗೆ ಹೆದ್ದಾರಿಯ ಗಾಳಿಯಲ್ಲಿ ಓಡುತ್ತಿದ್ದರೂ ಕಾಯುವುದಿಲ್ಲ. ನೀರಿನ ಬಿಸಿ ಹೇಳುವ ಸೆನ್ಸರ್ ‘ಎಂಜಿನ್ ಇನ್ನೂ ತಣ್ಣಗಿದೆ’ ಎನ್ನುತ್ತದೆ, ಅದು ನಿಜವೂ ಹೌದು. ಕಂಪ್ಯೂಟರ್ ಚೋಕ್ ಎಳೆದಂತೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಮಾಲೀಕರು ಇಂಜೆಕ್ಟರ್ ಕ್ಲೀನಿಂಗಿಗೆ ಹಣ ಕೊಡುತ್ತಾರೆ.

ಇಗ್ನಿಷನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಇದು ಎಲ್ಲರಿಗೂ ಗೊತ್ತಿರುವ ಕೆಲಸ. ಪ್ಲಗ್ಗಿನ ಗ್ಯಾಪ್ ನೋಡಿ, ವೈರಿನ ರಬ್ಬರ್ ನೋಡಿ, ಬ್ಯಾಟರಿಯ ಅರ್ಥಿಂಗ್ ಉಜ್ಜಿ ಬಿಗಿ ಮಾಡಿ. ಡಿಸ್ಟ್ರಿಬ್ಯೂಟರ್ ಇರುವ ಹಳೆ ಎಂಪಿಎಫ್‌ಐನಲ್ಲಿ ಟೈಮಿಂಗ್ ಲೈಟ್ ಹಿಡಿಯುವ ಮುನ್ನ ಒಂದು ಕೆಲಸ ಮರೆಯಬಾರದು. ಕಂಪ್ಯೂಟರ್ ಕ್ಷಣಕ್ಷಣಕ್ಕೂ ಟೈಮಿಂಗ್ ಬದಲಿಸುತ್ತಿರುತ್ತದೆ. ಕೈಪಿಡಿ ಹೇಳಿದ ಟೆಸ್ಟ್ ಕನೆಕ್ಟರನ್ನು ಜೋಡಿಸಿ ಅದನ್ನು ಒಂದೆಡೆ ನಿಲ್ಲಿಸಿದ ಮೇಲೆಯೇ ಡಿಸ್ಟ್ರಿಬ್ಯೂಟರ್ ತಿರುಗಿಸಬೇಕು. ಹಾಗೆ ನಿಲ್ಲಿಸದೆ ತಿರುಗಿಸಿದ್ದು ಓಡುತ್ತಿರುವ ಗುರಿಗೆ ಹೊಡೆದ ಗುಂಡು.

ಪೆಟ್ರೋಲಿನ ಒತ್ತಡ ಕೊನೆಗೆ. ಎಂಪಿಎಫ್‌ಐ ಲೈನಿನಲ್ಲಿ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಬಾರ್ ಒತ್ತಡವಿರುತ್ತದೆ. ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸದೆ ಪೈಪ್ ಬಿಚ್ಚಿದರೆ ಪೆಟ್ರೋಲ್ ಮುಖಕ್ಕೆ, ಬಿಸಿ ಎಕ್ಸಾಸ್ಟಿಗೆ ಚಿಮ್ಮುತ್ತದೆ. ರೆಗ್ಯುಲೇಟರಿಗೆ ವ್ಯಾಕ್ಯೂಮ್ ಹೋಸ್ ಇರುವ ಗಾಡಿಯಲ್ಲಿ ಆ ಹೋಸ್ ಕಿತ್ತು ನೋಡಿ. ಒಳಗೆ ಪೆಟ್ರೋಲಿನ ಹಸಿ ಇದ್ದರೆ ರೆಗ್ಯುಲೇಟರಿನ ಪೊರೆ ಹರಿದಿದೆ, ಲೆಕ್ಕಕ್ಕೆ ಬಾರದ ಪೆಟ್ರೋಲ್ ಅಲ್ಲಿಂದ ಎಂಜಿನಿಗೆ ಹೋಗುತ್ತಿದೆ.

ಇಷ್ಟಾದ ಮೇಲೆ ಬರಲಿ ಸ್ಕ್ಯಾನರ್. ನಮ್ಮ ದೇಶದಲ್ಲಿ ಓಬಿಡಿ, ಅಂದರೆ ಗಾಡಿಯೇ ತನ್ನ ದೋಷ ಗುರುತಿಸುವ ವ್ಯವಸ್ಥೆ, ಕಡ್ಡಾಯವಾಗತೊಡಗಿದ್ದು 2010ರಿಂದ. ಅದಕ್ಕಿಂತ ಹಳೆಯ ಹಲವು ಗಾಡಿಗಳು ಇಂದಿನ ಅಗ್ಗದ ಸ್ಕ್ಯಾನರಿನೊಡನೆ ಮಾತೇ ಆಡುವುದಿಲ್ಲ. ಅವುಗಳಲ್ಲಿ ಒಂದು ತುಂಡು ವೈರಿನಿಂದ ಡಯಾಗ್ನೋಸಿಸ್ ಕನೆಕ್ಟರ್ ಜೋಡಿಸಿ ಚೆಕ್ ಎಂಜಿನ್ ದೀಪ ಎಷ್ಟು ಸಲ ಮಿಣುಕುತ್ತದೆ ಎಂದು ಎಣಿಸುವ ಪದ್ಧತಿ. ಹಳೆ ಸುಜುಕಿ ವ್ಯವಸ್ಥೆಗಳಲ್ಲಿ ಒಂದು ಮಿಣುಕು, ತುಸು ಬಿಟ್ಟು ಎರಡು, ಅಂದರೆ 12 ಬಂದರೆ ‘ದೋಷವಿಲ್ಲ’ ಎಂದರ್ಥ. ಅದನ್ನೇ ದೋಷವೆಂದು ತಿಳಿದು ಬಿಡಿಭಾಗ ಕೊಂಡವರೂ ಇದ್ದಾರು. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಕಂಪ್ಯೂಟರ್ ತಾನು ಕೆಟ್ಟ ದಿನಗಳಲ್ಲಿ ಕಲಿತ ಹಳೆಯ ತಿದ್ದುಪಡಿಗಳನ್ನು ಮರೆಯುತ್ತದೆ. ಆಮೇಲೆ ಒಂದಿಷ್ಟು ದೂರ ಊರೊಳಗೂ ಹೆದ್ದಾರಿಯಲ್ಲೂ ಓಡಿಸಬೇಕು, ಅದು ಹೊಸದಾಗಿ ಕಲಿಯಲಿ. ಬಹಳಷ್ಟು ಗಾಡಿಗಳಲ್ಲಿ ಇಲ್ಲಿಗೆ ಟ್ಯೂನಿಂಗ್ ಮುಗಿದಿರುತ್ತದೆ.

ಕೆಎ-56 ನಂಬರಿನ ಎಷ್ಟೋ ಕಾರುಗಳು ಈಗ 15 ವರ್ಷ ದಾಟಿ ಮರುನೋಂದಣಿಗೆ ಬಸವಕಲ್ಯಾಣದ ಆರ್‌ಟಿಓ ಮೆಟ್ಟಿಲು ಹತ್ತುತ್ತಿವೆ. ಅಲ್ಲಿ ಬೇಕಾಗುವ ಹೊಗೆ ಪರೀಕ್ಷೆಯಲ್ಲಿ ಭಾರತ್ ಸ್ಟೇಜ್ 2ರಿಂದೀಚಿನ ಪೆಟ್ರೋಲ್ ಕಾರಿಗೆ ಇಂಗಾಲದ ಮಾನಾಕ್ಸೈಡ್ ಅರ್ಧ ಶೇಕಡಾ ದಾಟುವಂತಿಲ್ಲ. ಸ್ಟೇಜ್ 4 ಆಗಿದ್ದರೆ ಮಿತಿ ಇನ್ನೂ ಬಿಗಿ. ಸ್ಟೇಜ್ 2ಕ್ಕಿಂತ ಹಳೆಯದಕ್ಕೆ ಮೂರು ಶೇಕಡಾವರೆಗೆ ಸಡಿಲವಿದೆ. ಗೋರ್ಟಾದಿಂದ ಹೊರಟ ಗಾಡಿ ಪರೀಕ್ಷಾ ಕೇಂದ್ರ ಮುಟ್ಟುವಷ್ಟರಲ್ಲಿ ಚೆನ್ನಾಗಿ ಕಾದಿರುತ್ತದೆ. ಸರದಿಯಲ್ಲಿ ಬಹಳ ಹೊತ್ತು ಬಂದ್ ಮಾಡಿ ನಿಲ್ಲಿಸಿದರೆ ಆಕ್ಸಿಜನ್ ಸೆನ್ಸರೂ ಕ್ಯಾಟಲಿಟಿಕ್ ಕನ್ವರ್ಟರೂ ತಣಿದು, ಒಳ್ಳೆಯ ಎಂಜಿನ್ ಕೂಡ ಫೇಲಾಗಬಹುದು. ನಿಮ್ಮ ಪಾಳಿ ಬರುವ ಮೊದಲು ನಾಲ್ಕಾರು ನಿಮಿಷ ತುಸು ಹೆಚ್ಚಿನ ವೇಗದಲ್ಲಿ ಎಂಜಿನ್ ಓಡಿಸಿ, ಆಮೇಲೆ ಪೈಪಿಗೆ ಕಡ್ಡಿ ಹಾಕಲು ಹೇಳಿ.